ಅತ್ತೆ ಸಾಯಬೇಕಿದ್ದ ಅಧ್ಯಾಯ

ಕೊಲೆ ಮಾಡುವವರಿಗೆ ಎಷ್ಟು ಭಯವಾಗುತ್ತದೋ ಗೊತ್ತಿಲ್ಲ, ಕೊಲೆ ಬರೆಯುವವರಿಗೆ ಆಗುವ ಭಯವನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಕಾದಂಬರಿ ಬರೆಯಲು ಕೂತಾಗಲೆಲ್ಲ ಏನಾದರೊಂದು ಗ್ರಹಚಾರ ನನಗೆ ಗಂಟುಬೀಳುತ್ತದೆ. ಒಂದರಿಂದ ಪಾರಾಗಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಮೊದಲೇ ನಾನು ಪುಕ್ಕಲು ಹೆಂಗಸು. ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಅನ್ನುತ್ತೇನೆ. ಕರೆಂಟು ಹೋದರೆ ಗಂಡನ ಅಂಗಿ ಹಿಡಿದುಕೊಳ್ಳುತ್ತೇನೆ. ನರಸಾಪುರದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಬಿಡಿಭಾಗಗಳಲ್ಲಿ ಗೀರು, ಬಿರುಕು ಹುಡುಕುವುದು. ಮನೆ ಕೋಲಾರದಲ್ಲಿ. ಮನೆಯಲ್ಲಿ ಮೂರೇ ಜನ. ನಾನು, ಮಾಲೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವ ಗಂಡ, ಅವರಮ್ಮ. ಅತ್ತೆಯ ತವರು ಮುಳಬಾಗಿಲಿನ ಬೈರಕೂರು ಕಡೆ. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುತ್ತಾರೆ, ಬಯ್ಯುವಾಗ ಮಾತ್ರ ಪೂರ್ತಿ ತೆಲುಗು.

ಇಷ್ಟು ಪುಕ್ಕಲಾಗಿಯೂ ನಾನು ಬರೆಯುವುದು ಪತ್ತೇದಾರಿ ಕಾದಂಬರಿ. ಎರಡು ಅಚ್ಚಾಗಿವೆ. ಮೂರನೆಯದಕ್ಕೆ ಪ್ರಕಾಶಕರು ಒಂದು ಎಳೆ ಕೇಳಿದರು. ಮಾವಿನ ತೋಟದ ದೊಡ್ಡ ಮನೆ, ಅಲ್ಲೊಬ್ಬ ಹಿರಿಯ ಅತ್ತೆ, ಆಕೆಗೆ ಪಾಯಸದಲ್ಲಿ ವಿಷ, ಕಂಡುಹಿಡಿಯಲು ಬರುವ ಒಬ್ಬ ಇನ್‌ಸ್ಪೆಕ್ಟರು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವರು ಭೇಷ್ ಅಂದರು. ಫೋನ್ ಇಟ್ಟು ತಿರುಗಿದರೆ ನನ್ನ ಅತ್ತೆ ಎದುರಿಗೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಆಗ ಎದೆ ಧಸಕ್ಕೆಂದಿತು. ಕಥೆಯ ಅತ್ತೆ ಸಾಯದೆ ಕಾದಂಬರಿ ಮುಗಿಯುವಂತಿಲ್ಲ. ನಾನು ಬರೆದ ಮೇಲೆ ಮನೆಯ ಅತ್ತೆಗೆ ಏನಾದರೂ ಆಗಿಬಿಟ್ಟರೆ? ಅಂದಿನಿಂದ ಆ ಅಧ್ಯಾಯವನ್ನು ಮುಂದಕ್ಕೆ ತಳ್ಳುವುದೇ ನನ್ನ ಕೆಲಸವಾಯಿತು.

ಬಸ್ಸಿನಲ್ಲಿ

ದೊಡ್ಡ ಲೇಖಕರೆಲ್ಲ ಬೆಳಗಿನ ಜಾವ ಎದ್ದು ಕಿಟಕಿ ಪಕ್ಕ ಕೂತು ಬರೆಯುತ್ತಾರಂತೆ. ಬೆಳಗಿನ ಜಾವ ನಾನು ಎದ್ದರೆ ಕಂಪನಿ ಬಸ್ಸಿಗೆ ಓಡಬೇಕು. ಹಾಗಾಗಿ ಆ ಬಸ್ಸಿನ ಕಿಟಕಿ ಸೀಟೇ ನನ್ನ ಬರವಣಿಗೆ ಮೇಜು. ಪೆನ್ನು ಹಿಡಿದರೆ ಹೆದ್ದಾರಿಯ ಪ್ರತಿ ಹಂಪಿನಲ್ಲೂ ಅಕ್ಷರ ಗೀಚಿಕೊಂಡು ಹೋಗುತ್ತದೆ. ಅದಕ್ಕೆ ಫೋನನ್ನು ಬಾಯಿ ಹತ್ತಿರ ಹಿಡಿದು, ಹೊಳೆದದ್ದನ್ನೆಲ್ಲ ಮೆಲ್ಲಗೆ ಹೇಳಿ, ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಅತ್ತೆಯ ಸಾವನ್ನು ಮುಂದೂಡಲು ನಾನು ಮೊದಲು ಇನ್ನೊಂದು ಸಾವು ಹುಡುಕಿದ್ದೆ. ಮಾವಿನ ತಿರುಳು ತೆಗೆಯುವ ಕಾರ್ಖಾನೆಯ ಮ್ಯಾನೇಜರ್ ಒಬ್ಬ ಸಾಯಲಿ, ಅವನು ನಮ್ಮ ಮನೆಯವನಲ್ಲ ಎಂದುಕೊಂಡೆ. ಆ ದಿನ ಬಸ್ಸಿನಲ್ಲಿ ಕೂತು ಕೊಲೆಗಾರನ ಬಾಯಲ್ಲಿ ಹೇಳಿದೆ. "ಇವತ್ತು ಮಧ್ಯಾಹ್ನದ ಊಟದಲ್ಲೇ ಹಾಕಿಬಿಡೋಣ. ಉಪ್ಪಿನಕಾಯಲ್ಲಿ ಕಲಸಿದ್ರೆ ಕಹಿ ಗೊತ್ತಾಗಲ್ಲ. ರಜ ಕೊಡಲ್ಲ ಅಂದೋನಿಗೆ ಇದೇ ಸರಿ."

ಪಕ್ಕದಲ್ಲಿ ಕೂತಿದ್ದ ಅಸೆಂಬ್ಲಿ ಲೈನಿನ ಹೆಂಗಸು ಮುಂದಿನ ಸ್ಟಾಪಿನಲ್ಲಿ ಎದ್ದು ಹಿಂದಿನ ಸೀಟಿಗೆ ಹೋದಳು. ಗಾಳಿಗೇನೋ ಎಂದುಕೊಂಡೆ. ನಮ್ಮಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಮಧ್ಯಕ್ಕೆ ಇಡುವುದು ರೂಢಿ. ಅತ್ತೆ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಗೆ ದಿನಾ ನೂಕುನುಗ್ಗಲು. ಅಂದು ಒಬ್ಬರೂ ಮುಟ್ಟಲಿಲ್ಲ. ಒಬ್ಬಳಿಗೆ ಹಲ್ಲುನೋವಂತೆ, ಇನ್ನೊಬ್ಬಳಿಗೆ ಶನಿವಾರವಂತೆ. ಅಂದು ಬುಧವಾರ.

ಆ ವಾರ ನಾನು ನಿಜವಾಗಿಯೂ ರಜ ಕೇಳಿದ್ದೆ, ಸೂಪರ್‌ವೈಸರ್ ಕೊಡುವುದಿಲ್ಲ ಅಂದಿದ್ದರು. ಅದು ನನಗೆ ಮರೆತೇಹೋಗಿತ್ತು. ಸಂಜೆ ಅವರೇ ನನ್ನ ಟೇಬಲಿನ ಹತ್ತಿರ ಬಂದು, ಎರಡು ಮಾರು ದೂರದಲ್ಲಿ ನಿಂತರು. ಯಾಕೋ ಬೆವರುತ್ತಿದ್ದರು.

"ನಿಮ್ಮ ರಜ ಸ್ಯಾಂಕ್ಷನ್ ಮಾಡಿದೀನಿ ಮೇಡಂ. ಇನ್ನೂ ಬೇಕಿದ್ರೂ ತಗೊಳ್ಳಿ. ಉಪ್ಪಿನಕಾಯಿ ಮಾತ್ರ ತರಬೇಡಿ, ನಂಗೆ ಸಣ್ಣ ಸಣ್ಣ ಮಕ್ಕಳಿದಾರೆ."

ಮೀನಿನ ಮುಳ್ಳು

ಕಾದಂಬರಿಯನ್ನು ಮೊದಲೇ ನಕ್ಷೆ ಹಾಕಿಕೊಂಡು ಬರೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಯಾರೂ ಹೇಳುವುದಿಲ್ಲ. ನನಗೆ ಗೊತ್ತಿದ್ದ ನಕ್ಷೆ ಒಂದೇ. ಕಾರ್ಖಾನೆಯಲ್ಲಿ ಯಾವುದಾದರೂ ಭಾಗ ಕೆಟ್ಟರೆ ನಾವು ಮೀನಿನ ಮುಳ್ಳಿನ ಚಿತ್ರ ಬರೆಯುತ್ತೇವೆ. ತಲೆಯ ಜಾಗದಲ್ಲಿ ಏನು ಕೆಟ್ಟಿತು ಎಂದು ಬರೆಯುವುದು. ಮುಳ್ಳುಗಳ ಮೇಲೆ ಅದಕ್ಕೆ ಕಾರಣಗಳು. ಮನುಷ್ಯ, ಮೆಷಿನ್ನು, ಸಾಮಾನು, ವಿಧಾನ ಎಂದು ವಿಂಗಡಿಸಿ. ಇದಕ್ಕಿಂತ ಒಳ್ಳೆಯ ಸಾಧನ ಯಾವ ಕಾದಂಬರಿಕಾರನಿಗೆ ಸಿಕ್ಕೀತು ಎಂದು ಹಿಗ್ಗಿದೆ.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ, ಮಲಗುವ ಕೋಣೆಯ ಗೋಡೆಗೆ ದೊಡ್ಡ ಮೀನು ಹಚ್ಚಿದೆ. ತಲೆಯಲ್ಲಿ ಕೆಂಪು ಮಸಿಯಲ್ಲಿ "ಅತ್ತೆಯ ಸಾವು" ಎಂದು ಬರೆದೆ. ಒಂದು ಮುಳ್ಳಿಗೆ "ಸೊಸೆ, ಮಗ, ಅಡಿಗೆಯವಳು". ಇನ್ನೊಂದಕ್ಕೆ "ಪಾಯಸ, ಹಸಿರು ಬಾಟಲಿ". ವಿಧಾನದ ಮುಳ್ಳಿಗೆ "ಏಲಕ್ಕಿ ಜಾಸ್ತಿ ಹಾಕುವುದು, ವಾಸನೆ ಬರಬಾರದು". ಕಾರ್ಖಾನೆಯ ಅಭ್ಯಾಸಬಲದಿಂದ ಕೆಳಗೆ ಬಲಮೂಲೆಯಲ್ಲಿ "ಜವಾಬ್ದಾರಿ" ಎಂದು ಬರೆದು ನನ್ನ ಹೆಸರನ್ನೂ ಹಾಕಿಬಿಟ್ಟೆ.

ಆ ಭಾನುವಾರ ಶ್ರೀನಿವಾಸಪುರದಿಂದ ನಾದಿನಿ ಬಂದಳು. ಮಾವಿನಹಣ್ಣಿನ ಬುಟ್ಟಿ ಇಳಿಸಿ, ಸೀರೆ ಬದಲಾಯಿಸಲು ಕೋಣೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಬಿಳಚಿಕೊಂಡಿತ್ತು. ನಾನು ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕೆಳಗಿಟ್ಟಳು. ಆಗ ನನಗೆ ಗೋಡೆಯ ನೆನಪಾಯಿತು. ಅದು ಕಥೆ ಎಂದು ವಿವರಿಸಲು ಹೋದೆ. ತೊದಲುವವಳ ಮಾತನ್ನು ಯಾರು ನಂಬುತ್ತಾರೆ?

ಅವಳು ನೇರವಾಗಿ ಅಮ್ಮನ ಹತ್ತಿರ ಹೋಗಿ, ಇವತ್ತೇ ಗಂಟು ಕಟ್ಟು, ನಮ್ಮ ಮನೆಗೆ ಹೋಗೋಣ, ಒಂದೆರಡು ತಿಂಗಳು ಇದ್ದು ಬರುವೆಯಂತೆ ಎಂದು ಕೈ ಹಿಡಿದು ಎಳೆದಳು. ಅತ್ತೆ ಯಾಕೆ ಅಂದರು. ಅವಳು ಕಿವಿಯಲ್ಲಿ ಎಲ್ಲ ಹೇಳಿದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆ. ಅತ್ತೆ ಮಗಳನ್ನೂ ಬುಟ್ಟಿಯನ್ನೂ ಒಮ್ಮೆ ನೋಡಿದರು.

"ಸುಗ್ಗಿ ಟೈಮಲ್ಲಿ ನಿಮ್ಮನೇಗೆ ಬಂದ್ರೆ ನೂರು ಜನದ ಉಪ್ಪಿನಕಾಯಿಗೆ ನನ್ನ ಕೈಲೇ ಮಾವಿನಕಾಯಿ ಹೆಚ್ಚಿಸ್ತೀಯ. ಅಲ್ಲಿ ಹೆಚ್ಚಿ ಸಾಯೋದಕ್ಕಿಂತ ಇಲ್ಲಿ ಪಾಯಸ ಕುಡ್ದು ಸಾಯೋದೇ ವಾಸಿ ಕಣೇ."

ಬಾವಿ ನೋಡಲು ಹೋದದ್ದು

ಕಣ್ಣಾರೆ ಕಾಣದ ಜಾಗವನ್ನು ಬರೆಯಬಾರದು ಎನ್ನುವುದು ನಾನು ಹಿಡಿದುಕೊಂಡ ಇನ್ನೊಂದು ನಿಯಮ. ಕಥೆಯಲ್ಲಿ ಕೊಲೆಗಾರ ಹೆಣವನ್ನು ತೋಟದ ಬಾವಿಗೆ ಹಾಕುತ್ತಾನೆ. ಬಿದ್ದಾಗ ಎಂಥ ಸದ್ದು ಬರುತ್ತದೆ, ಎಷ್ಟು ದೂರ ಕೇಳುತ್ತದೆ ಎಂದು ತಿಳಿಯಬೇಕಿತ್ತು. ಬರೆಯುವ ಧೈರ್ಯವಿಲ್ಲದವಳಿಗೆ ಬಾವಿ ಯಾಕೆ ಎಂದು ಗಂಡ ಕೇಳಿದರು. ಬಾವಿ ನೋಡಿದರೆ ಧೈರ್ಯ ಬರಬಹುದು ಅಂದೆ.

ಒಂದು ಮೂಟೆಗೆ ಹುಲ್ಲು ತುಂಬಿ, ತೂಕಕ್ಕೆ ಎರಡು ಕಲ್ಲು ಹಾಕಿ, ಮನುಷ್ಯರಂತೆ ಕಾಣಲಿ ಎಂದು ಅತ್ತೆಯ ಹಳೆಯ ಸೀರೆ ಸುತ್ತಿದೆವು. ಮಧ್ಯಾಹ್ನದ ಹೊತ್ತು, ಸ್ಕೂಟರಿನಲ್ಲಿ ಇಬ್ಬರ ನಡುವೆ ಅದನ್ನು ಕೂರಿಸಿಕೊಂಡು ಬೈರಕೂರು ಕಡೆಗೆ ಹೊರಟೆವು. ರಸ್ತೆ ಪಕ್ಕದ ಒಂದು ಮಾವಿನ ತೋಟದಲ್ಲಿ ಹಳೆಯ ಬಾವಿ ಕಂಡಿತು. ಸುತ್ತ ಯಾರೂ ಇರಲಿಲ್ಲ. ಅಥವಾ ಯಾರೂ ಇಲ್ಲವೆಂದು ನಾವು ತಿಳಿದೆವು.

ಕಾಯಿ ಕೀಳುವ ಕಾಲದಲ್ಲಿ ತೋಟ ಗುತ್ತಿಗೆ ಹಿಡಿದವರು ಕಾವಲಿಗೆ ಆಳು ಇಟ್ಟಿರುತ್ತಾರೆ. ಅವನು ಮರದ ಮೇಲಿನ ಅಟ್ಟಣೆಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದನಂತೆ. ಗಂಡಹೆಂಡತಿ ಸ್ಕೂಟರಿನಿಂದ ಒಂದು ಸೀರೆಯ ಗಂಟು ಇಳಿಸಿದ್ದು, ತಲೆ ಕಾಲು ಹಿಡಿದು ಹೊತ್ತದ್ದು, ಒಂದು ಎರಡು ಮೂರು ಎಂದು ತೂಗಿ ಬಾವಿಗೆ ಎಸೆದದ್ದು, ಆಮೇಲೆ ನಾನು ಬಗ್ಗಿ ಕಿವಿಗೊಟ್ಟು "ಸದ್ದು ಚೆನ್ನಾಗಿದೆ" ಅಂದದ್ದು, ಎಲ್ಲವನ್ನೂ ಕಂಡ. ಆಮೇಲೆ ಅವನು ತೆಲುಗಿನಲ್ಲಿ ಕೂಗಿಕೊಂಡದ್ದು ಸುತ್ತಲಿನ ನಾಲ್ಕು ತೋಟಕ್ಕೆ ಕೇಳಿತು.

ನೋಡನೋಡುತ್ತಲೇ ಜನ ಸೇರಿದರು. ನಾನು ಗಂಡನ ಬೆನ್ನ ಹಿಂದೆ ಸರಿದೆ. ಎಲ್ಲರ ಕಣ್ಣೂ ಗಂಡನ ಮೇಲೆ ತಿರುಗಿತು. ಏಳು ಹೆಜ್ಜೆ ಇಟ್ಟು ಕೈಹಿಡಿದವರು, "ನಾನು ಬರೀ ಗಾಡಿ ಓಡಿಸೋಕೆ ಬಂದಿದ್ದು" ಅಂದರು.

ಬಿಂದಿಗೆ ಬಿದ್ದರೆ ಎತ್ತುವ ಕೊಕ್ಕೆಗಳ ಪಾತಾಳಗರಡಿ ತಂದು ಬಾವಿಗೆ ಇಳಿಬಿಟ್ಟರು. ನೀರು ಸುರಿಸುತ್ತ ಸೀರೆಯ ಸೆರಗು ಮೇಲೆ ಬಂದಾಗ ಹೆಂಗಸರು ಗೋಳೋ ಎಂದು ಅತ್ತರು. ಅದರಲ್ಲಿ ಒಬ್ಬ ಮುದುಕಿ ಎದೆ ಬಡಿದುಕೊಂಡು, ಈ ಸೀರೆ ತನಗೆ ಗೊತ್ತು, ಇದು ನಮ್ಮ ಊರಿನಿಂದ ಕೋಲಾರಕ್ಕೆ ಕೊಟ್ಟ ಹುಡುಗಿಯ ಸೀರೆ, ಹೋದ ವರ್ಷದ ಮದುವೆಗೆ ಇದನ್ನೇ ಉಟ್ಟು ಬಂದಿದ್ದಳು ಅಂದಳು. ಆ ಹುಡುಗಿ ಎಂದರೆ ನನ್ನ ಅತ್ತೆ.

ಗಂಟು ಬಿಚ್ಚಿ ಹುಲ್ಲು ಕಂಡರೂ ಜನಕ್ಕೆ ಸಮಾಧಾನವಾಗಲಿಲ್ಲ. ಸೀರೆ ಇಲ್ಲಿದೆ, ಸೀರೆಯವಳು ಎಲ್ಲಿ ಎಂದು ಕೇಳಿದರು. ಗಂಡ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟರು. ಕಾವಲಿನವನು ನಡೆದದ್ದನ್ನೆಲ್ಲ ಹೇಳಿದ. ಎಲ್ಲ ಕೇಳಿಸಿಕೊಂಡು ಅತ್ತೆ ಅಂದರು.

"ಸೀರೆ ನಂದೇ ಕಣಪ್ಪಾ. ಅದರೊಳಗೆ ನಾನಿಲ್ಲ, ಅವ್ರನ್ನ ಬಿಟ್ಟುಬಿಡಿ."

ದೀಪ ಹಚ್ಚುವ ಹೊತ್ತು

ಬಾವಿಯ ಪ್ರಸಂಗದ ನಂತರ ಅತ್ತೆಗೆ ನಾನು ಏನು ಬರೆಯುತ್ತಿದ್ದೇನೆ ಎಂದು ಪೂರ್ತಿ ಗೊತ್ತಾಯಿತು. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಆ ಸೀರೆ ಒಣಗಿಸಿ ಮಡಚಿಟ್ಟು, ಏನು ಬೇಕಾದರೂ ಬರೆದುಕೋ, ದೀಪ ಹಚ್ಚುವ ಹೊತ್ತಿನಲ್ಲಿ ಮಾತ್ರ ಬೇಡ ಅಂದರು.

ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆಗಳ ಮೇಲೆ ಓಡಾಡುತ್ತಿರುತ್ತಾರಂತೆ. ಕೆಳಗೆ ಯಾರು ಏನು ಅಂದರೂ ಅಸ್ತು, ಹಾಗೇ ಆಗಲಿ ಅಂದುಬಿಡುತ್ತಾರಂತೆ. ಕಥೆಯೋ ನಿಜವೋ ಎಂದು ವಿಚಾರಿಸುವ ಪದ್ಧತಿ ಅವರಲ್ಲಿ ಇಲ್ಲ. ಹಗಲು ಹೊತ್ತಿನಲ್ಲಿ ಕೇಳಿದರೆ ನಾನು ಇದನ್ನೆಲ್ಲ ನಂಬುವುದಿಲ್ಲ. ಸಂಜೆಯಾದ ಮೇಲೆ ಅಷ್ಟು ಖಡಾಖಂಡಿತವಾಗಿ ಹೇಳಲಾರೆ.

ಬಸ್ಸಿನ ಅವಾಂತರದ ನಂತರ ಅಲ್ಲಿ ಬಾಯಿ ಬಿಡುವಂತಿರಲಿಲ್ಲ. ಶಿಫ್ಟು ಮುಗಿಸಿ, ಮನೆಗೆಲಸ ಮುಗಿಸಿ, ನನಗೆ ಬಿಡುವಾಗುವುದೇ ಮುಸ್ಸಂಜೆಗೆ. ಆಗ ಹಿತ್ತಲಿನ ನುಗ್ಗೆಮರದ ಕೆಳಗೆ ಕೂತು ಫೋನಿಗೆ ಹೇಳುತ್ತೇನೆ, ಅದೇ ಕೇಳಿಸಿಕೊಂಡು ಕನ್ನಡದಲ್ಲಿ ಟೈಪು ಮಾಡುತ್ತದೆ. ಬಿಡಲು ಆಗುವುದಿಲ್ಲ ಅಂದೆ. ಅತ್ತೆ ಯೋಚಿಸಿ, ಹಾಗಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ ಅಂದರು.

ಕೆಟ್ಟ ಮಾತು ಬಾಯಿಗೆ ಬಂದ ಕೂಡಲೆ "ಬಿಡ್ತು" ಅಂದರೆ ಅದು ತಟ್ಟುವುದಿಲ್ಲ ಎನ್ನುವುದು ನಮ್ಮ ಕಡೆಯ ಹಿರಿಯರ ನಂಬಿಕೆ. ಅಂದಿನಿಂದ ಇದೇ ಕ್ರಮವಾಯಿತು. ನಾನು "ಮ್ಯಾನೇಜರ್ ನೆಲಕ್ಕೆ ಬಿದ್ದ" ಅಂದರೆ ಅತ್ತೆ ಹೂಬತ್ತಿ ಹೊಸೆಯುತ್ತ "ಬಿಡ್ತು, ಬಿಡ್ತು" ಅನ್ನುತ್ತಿದ್ದರು. "ಅವನ ಉಸಿರು ನಿಂತಿತ್ತು" ಅಂದರೆ ಇನ್ನೊಂದು ಬಿಡ್ತು. ನನಗೂ ಧೈರ್ಯವಾಗುತ್ತಿತ್ತು. ಫೋನು ಇಬ್ಬರ ಮಾತನ್ನೂ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿತ್ತು. ಶಿಫ್ಟಿನ ಗಡಿಬಿಡಿಯಲ್ಲಿ ನಾನು ತಿರುಗಿ ನೋಡದೆ ಆ ಅಧ್ಯಾಯಗಳನ್ನು ಪ್ರಕಾಶಕರಿಗೆ ಕಳಿಸಿಬಿಟ್ಟೆ.

ಕಳಿಸಿದ ಮೇಲೆ ತೆರೆದು ನೋಡಿದರೆ ಪುಟದ ತುಂಬ ಅತ್ತೆಯ ಮಾತು. ಅಷ್ಟರಲ್ಲಿ ಪ್ರಕಾಶಕರದೇ ಫೋನ್ ಬಂತು. ಕಾದಂಬರಿ ವಾಪಸು ಅನ್ನುತ್ತಾರೆ ಎಂದು ಕಿವಿಗೊಟ್ಟು ನಿಂತೆ. ಅವರ ದನಿ ಗದ್ಗದವಾಗಿತ್ತು.

"ಸತ್ತವನ ಆತ್ಮವೇ ನಡುನಡುವೆ ಮಾತಾಡೋ ಹಾಗೆ ತಂದಿದ್ದೀರಲ್ಲ, ಮೈ ಜುಂ ಅಂತು ಮೇಡಂ. ಅದರಲ್ಲೂ ಕೊಲೆ ಆದ ತಕ್ಷಣ 'ಕುಕ್ಕರ್ ಮೂರು ಸಲ ಕೂಗ್ತು, ಆರಿಸಮ್ಮಾ' ಅಂತ ಬರುತ್ತಲ್ಲ, ಪ್ರಾಣ ಹೋದರೂ ಸಂಸಾರದ ಚಿಂತೆ ಹೋಗಿಲ್ಲ ನೋಡಿ. ಆ ಆತ್ಮಕ್ಕೆ ಇನ್ನೂ ಸ್ವಲ್ಪ ಮಾತು ಕೊಡಿ."

ಆಪರೇಷನ್

ಮ್ಯಾನೇಜರ್ ಸತ್ತ, ಅಡಿಗೆಯವಳು ಓಡಿಹೋದಳು, ಇನ್‌ಸ್ಪೆಕ್ಟರು ಬಂದು ಮೀಸೆ ತಿರುವಿಕೊಂಡು ಕೂತ. ಉಳಿದದ್ದು ಅತ್ತೆಯ ಪಾಯಸವೊಂದೇ. ಆ ವಾರವೇ ನಮ್ಮ ಅತ್ತೆಗೆ ಹೊಟ್ಟೆನೋವು ಶುರುವಾಯಿತು.

ಕೋಲಾರದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ, ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಮಾಡಬೇಕು, ವಯಸ್ಸಾಗಿದೆ, ಶುಗರ್ ಹತೋಟಿಗೆ ಬರಲಿ ಎಂದು ಎರಡು ವಾರದ ಮೇಲಿನ ದಿನ ಕೊಟ್ಟರು. ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರು ಹಾಗೆ ಹೇಳಿದ ಮೇಲೆ ಹೆದರದಿರುವುದು ಹೇಗೆ? ಬೆಳಗಿನ ಶಿಫ್ಟು ಇದ್ದ ದಿನವೆಲ್ಲ ನನಗಿಂತ ಮೊದಲೇ ಎದ್ದು, ಬಸ್ಸಿನ ಹಾರ್ನ್ ಕೇಳುವಷ್ಟರಲ್ಲಿ ನನ್ನ ಡಬ್ಬಿ ಕಟ್ಟಿ ಕೈಗಿಟ್ಟವರು ಅವರು. ನನ್ನ ಅಮ್ಮ ಹೋದ ಮೇಲೆ ನನಗಿದ್ದದ್ದು ಅವರೊಬ್ಬರೇ.

ಇತ್ತ ಪ್ರಕಾಶಕರು, ತಿಂಗಳ ಕೊನೆಗೆ ಪುಸ್ತಕ ಅಚ್ಚಿಗೆ ಹೋಗಬೇಕು, ಆ ಮುದುಕಿಯನ್ನು ಬೇಗ ಮುಗಿಸಿ ಎಂದು ದಿನಕ್ಕೊಂದು ಫೋನ್. ಅತ್ತೆ ಮಾತ್ರ ಎಂದಿನಂತೆ ಸಂಜೆಗೆ ಬಂದು ಹಿತ್ತಲಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, "ಹೂಂ, ಮುಂದೆ" ಅನ್ನುತ್ತಿದ್ದರು. ಅವರ ಎದುರಿಗೆ, ಅಸ್ತು ದೇವತೆಗಳ ಕಾಲಡಿಯಲ್ಲಿ, ನಾನು ಆ ಮುದುಕಿಗೆ ಹೇಗೆ ವಿಷ ಕುಡಿಸಲಿ?

ಕುಡಿಸಲಿಲ್ಲ. ಕೊಲೆಗಾರ ಪಾಯಸ ತಂದು ಮುಂದಿಟ್ಟಾಗ ಆ ಮುದುಕಿ, ಇವತ್ತು ಏಕಾದಶಿ, ನಂಗೆ ಉಪವಾಸ ಎಂದು ಲೋಟ ದೂರ ಸರಿಸಿದಳು. ಮಾರನೆಯ ಸಂಜೆ ಅವನು ಹಗ್ಗ ತಂದರೆ ಅವಳು ಮಗಳ ಮನೆಗೆ ಹೋಗಿದ್ದಳು. ಬಾವಿಗೆ ತಳ್ಳಲು ಹೋದರೆ ಬಾವಿ ಬತ್ತಿತ್ತು. ಅಲ್ಲಿಗೂ ನಿಲ್ಲಿಸಲು ನನಗೆ ಭಯ. ಕೇಳಿಸಿಕೊಳ್ಳುವವರು ಅಸ್ತು ಅನ್ನುವುದೇ ಆದರೆ ಒಳ್ಳೆಯದಕ್ಕೇ ಅನ್ನಲಿ ಎಂದು, ಮುದುಕಿಗೆ ಹಸಿವೆ ಹೆಚ್ಚಾಯಿತು, ಶುಗರ್ ಇಳಿಯಿತು, ಮಂಡಿನೋವು ಹೋಯಿತು ಎಂದು ಗಟ್ಟಿಯಾಗಿ ಹೇಳತೊಡಗಿದೆ. ಆಪರೇಷನ್ ಹತ್ತಿರ ಬರುವಷ್ಟರಲ್ಲಿ ಅವಳು ದಿನಾ ಬೆಳಗ್ಗೆ ಬೆಟ್ಟ ಹತ್ತಿ ಇಳಿಯುತ್ತಿದ್ದಳು.

ಪ್ರಕಾಶಕರು ಓದಿ ಕಂಗಾಲಾದರು. ಮೇಡಂ, ಕೊಲೆಗಾರ ದಿನೇದಿನೇ ಸೊರಗುತ್ತಿದ್ದಾನೆ, ಮುದುಕಿ ಗುಂಡುಕಲ್ಲಿನಂತೆ ಆಗುತ್ತಿದ್ದಾಳೆ, ಹೀಗೇ ಬಿಟ್ಟರೆ ಅವಳೇ ಅವನನ್ನು ಮುಗಿಸುತ್ತಾಳೆ ಎಂದರು.

ಆಪರೇಷನ್ ದಿನ ಬೆಳಗ್ಗೆ ಶ್ರೀನಿವಾಸಪುರದಿಂದ ನಾದಿನಿ ಬಂದಳು. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಗಂಡ, ನಾದಿನಿ, ನಾನು ಮೂವರೂ ಹೊರಗೆ ಬೆಂಚಿನ ಮೇಲೆ ಕೂತೆವು. ಅವಳ ಕಣ್ಣು ಬಾಗಿಲ ಮೇಲೆ ಇರಲಿಲ್ಲ, ನನ್ನ ಕೈಯಲ್ಲಿದ್ದ ಫೋನಿನ ಮೇಲಿತ್ತು. ಕೊನೆಗೆ ತಡೆಯಲಾರದೆ, "ಅತ್ತಿಗೆ, ಅಮ್ಮ ಆಚೆ ಬರೋವರ್ಗೂ ಅದನ್ನ ನನ್ ಕೈಗೆ ಕೊಟ್ಟಿರಿ" ಅಂದಳು. ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನನಗೂ ಅದೇ ಒಳ್ಳೆಯದೆನಿಸಿತು. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸ್ ಬಾಗಿಲು ತೆರೆದು, ಇವರ ಸೊಸೆ ಯಾರು ಎಂದು ಕೇಳಿದಳು. ಮಗನನ್ನು ಕೇಳಲಿಲ್ಲ, ಮಗಳನ್ನು ಕೇಳಲಿಲ್ಲ. ನನ್ನ ಜೀವ ಬಾಯಿಗೆ ಬಂತು. ಕೂತಲ್ಲಿಂದಲೇ ಕೈ ಎತ್ತಿದೆ. ನರ್ಸ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಏನಿಲ್ಲ, ಇನ್ನೂ ಶುರು ಮಾಡಿಲ್ಲ. ನಿಮ್ಮತ್ತೆ ಡಾಕ್ಟ್ರಿಗೆ, 'ಧೈರ್ಯವಾಗಿ ಕುಯ್ಯಪ್ಪಾ, ನಂಗೇನೂ ಆಗಲ್ಲ, ನನ್ ಸೊಸೆ ಇನ್ನೂ ನನ್ನ ಸಾಯಿಸಿಲ್ಲ' ಅಂದ್ರು. ಯಾರು ಆ ಸೊಸೆ ಅಂತ ಡಾಕ್ಟ್ರು ನೋಡ್ಕೊಂಡ್ ಬಾ ಅಂದ್ರು."

ಬೆಂಚಿನಲ್ಲಿದ್ದ ಬೇರೆ ರೋಗಿಗಳ ಕಡೆಯವರು ನನ್ನಿಂದ ದೂರ ಸರಿದು ಕೂತರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ನಾದಿನಿ ನನ್ನ ಕೈ ಹಿಡಿದುಕೊಂಡಳು, ಫೋನ್ ಮಾತ್ರ ಕೊಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆ ಮನೆಗೆ ಬಂದು, ಗಂಜಿಯಿಂದ ಮುದ್ದೆಗೆ ಬಡ್ತಿ ಪಡೆದ ದಿನ ಸಂಜೆ, ತಾವೇ ಕುರ್ಚಿ ಎಳೆಸಿಕೊಂಡು ಹಿತ್ತಲಿನಲ್ಲಿ ಕೂತರು. ನಾನು ಫೋನ್ ತರಲಿಲ್ಲ. ಯಾಕೆ ಎಂದು ಕೇಳಿದರು. ಇನ್ನು ಆ ಕಾದಂಬರಿ ಬೇಡ ಅತ್ತೆ, ಪ್ರಕಾಶಕರಿಗೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ, ನಿಮ್ಮನ್ನು ಒಳಗೆ ಕರೆದುಕೊಂಡು ಹೋದಾಗ ನಾನು ಪಟ್ಟ ಭಯ ನನಗೇ ಗೊತ್ತು ಅಂದೆ.

ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ನಂಗೇನು ಭಯ ಇರ್ಲಿಲ್ವಾ? ನಿಮ್ಗೆಲ್ಲ ಹೇಳ್ಲಿಲ್ಲ ಅಷ್ಟೆ. ಎದೆ ಪುಕುಪುಕು ಅಂತಿತ್ತು. ಸಂಜೆ ಇಲ್ಲಿ ಬಂದು ಕೂತ್ರೆ ಆ ಮುದುಕಿ ಒಂದಿನ ಎದ್ದು ಕೂತ್ಳು, ಒಂದಿನ ಉಂಡ್ಳು, ಒಂದಿನ ಬೆಟ್ಟ ಹತ್ತಿದ್ಳು. ಅವಳೇ ಹತ್ತುದ್ಮೇಲೆ ನಂದೇನು ಅಂತ ನಾನೂ ಹೋಗಿ ಆ ಮಂಚದ ಮೇಲೆ ಮಲಗ್ದೆ."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅಷ್ಟು ದಿನ ಹೆದರಿ ಹೆದರಿ ಬರೆದದ್ದು ಅವರ ಹೆದರಿಕೆಗೇ ಔಷಧಿಯಾಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕಾದಂಬರಿ ಬರೆಯದಿದ್ದರೂ ನನಗೆ ಚಿಂತೆಯಿಲ್ಲ ಅನ್ನಿಸಿತು.

ಅತ್ತೆ ಹಾಗೇ ನನ್ನ ತಲೆ ಸವರಿದರು. ಪಾಪ, ಆ ಪ್ರಕಾಶಕರು ಅಷ್ಟು ದಿನದಿಂದ ಒಂದು ಹೆಣಕ್ಕೆ ಕಾಯುತ್ತಿದ್ದಾರೆ, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂದರು. ಹಾಗಾದರೆ ಮುದುಕಿಯನ್ನು ಸಾಯಿಸಲು ಒಪ್ಪಿಗೆ ಕೊಡುತ್ತಿದ್ದಾರೆ ಎಂದು ತಿಳಿದು ನಾನು ತಲೆಯೆತ್ತಿದೆ.

"ಅಯ್ಯೋ, ಅವಳ ತಂಟೆಗೆ ಹೋಗ್ಬೇಡ ಕಣಮ್ಮ, ನಂಗೆ ಇನ್ನೂ ಕಣ್ಣಿನ ಆಪರೇಷನ್ ಐತೆ. ಸಾಯಿಸ್ಲೇಬೇಕು ಅಂದ್ರೆ ಆ ಇನ್‌ಸ್ಪೆಕ್ಟರ್‌ನ ಸಾಯಿಸು. ಅವ್ನು ನಮ್ ಪೈಕಿ ಅಲ್ಲ."